ಅಲೆ ಚಿಕ್ಕದಾದಂತೆ

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪ್ರೇಷಕವಿಟ್ಟು ‘ಆಕಾಶವಾಣಿ’ ಆರಂಭಿಸಿದರು. ಊರಿಗೊಂದು ಪ್ರೇಷಕ ಸಾಕೆನ್ನುವ ಕಾಲವದು. ಮುಂದೆ ಬಂದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಅಂಥ ಅಲೆ ನೆಲವನ್ನು ತಬ್ಬಿಕೊಂಡು ಸಾಗುತ್ತದೆ. ಮನೆ, ಮರ ಅದಕ್ಕೆ ಲೆಕ್ಕಕ್ಕಿಲ್ಲ.

ಮೊಬೈಲಿನದು ಬೇರೆ ಕಥೆ. 2022ರಲ್ಲಿ ಬಂದ 5ಜಿಯ 3,300 ಮೆಗಾಹರ್ಟ್ಸ್ ಅಲೆ ಒಂಬತ್ತು ಸೆಂಟಿಮೀಟರ್. 26 ಗಿಗಾಹರ್ಟ್ಸ್‌ನದು ಬೆರಳಗಲವೂ ಇಲ್ಲ. (ಇನ್ನೂ ಚಿಕ್ಕ ಅಲೆಗಳನ್ನು ಜಗದೀಶಚಂದ್ರ ಬೋಸ್ 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಹುಟ್ಟಿಸಿದ್ದರು.) ಇಂಥದ್ದನ್ನು ಕಾಂಕ್ರೀಟ್ ಗೋಡೆ ತಡೆಯುತ್ತದೆ, ಒದ್ದೆ ಎಲೆಯೂ ಹೀರುತ್ತದೆ. ಅದಕ್ಕೇ ಸ್ಮಾಲ್ ಸೆಲ್: ಬೀದಿದೀಪದ ಕಂಬಕ್ಕೆ ಕೂರಿಸುವ, ನೂರಿನ್ನೂರು ಮೀಟರ್ ತಲುಪುವ ಪೆಟ್ಟಿಗೆ. 2022ರಲ್ಲಿ ಟ್ರಾಯ್ ನಮ್ಮ ಮೆಟ್ರೋದಲ್ಲೂ ಇದರ ಪ್ರಯೋಗ ನಡೆಸಿತು.

ಹೊರಮಾವು 2007ರಲ್ಲಿ ಪಾಲಿಕೆಯೊಳಗೆ ಬಂದ ಊರು. ಹಳೆಯ ಓಣಿ, ಬೆನ್ನಿಗೇ ಅಪಾರ್ಟ್‌ಮೆಂಟ್, ಆಚೆ ಕೆರೆಯ ಬಯಲು. ಬಯಲಿನಲ್ಲಿ ಅಲೆ ಸಲೀಸು. ತಿರುವಿನ ಹಿಂದಿನ ಮನೆಗೆ ಇನ್ನೊಂದು ಪೆಟ್ಟಿಗೆಯೇ ಬೇಕು. ಎದುರು ಸೈಟಿನಲ್ಲಿ ಏಳುವ ನಾಲ್ಕನೇ ಮಹಡಿ ನಿನ್ನೆಯ ಲೆಕ್ಕವನ್ನೆಲ್ಲ ಅಳಿಸಿಬಿಡಬಹುದು. ಪ್ರತಿ ಪೆಟ್ಟಿಗೆಗೂ ಕಂಬ, ವಿದ್ಯುತ್ತು, ಫೈಬರ್ ಬೇಕು. ಇವು ಮೂರೂ ಇಲ್ಲದ ಓಣಿಯ ಸರದಿ, ನನ್ನ ಅಂದಾಜಿನಲ್ಲಿ, ಕೊನೆಗೇ.