ಎಂಜಿನ್ನಿನ ಜೋಡಿ

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ಅಲ್ಲಿಯ ದನಗಳ ಸಂತೆಯನ್ನು ನೋಡಿಯೇ ಇರುತ್ತಾರೆ. ಕೊಳ್ಳುವವನು ಮೊದಲು ಹೋರಿಯ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ; ಆಮೇಲೆ ಜೋಡಿ ನೋಡುತ್ತಾನೆ. ಒಂದು ಬಲಿಷ್ಠ, ಇನ್ನೊಂದು ಬಡಕಲು ಆದರೆ ನೊಗ ಓರೆಯಾಗುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಒಕ್ಕಲಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೋಟಾರು ಪಂದ್ಯದ ಚರಿತ್ರೆಯಲ್ಲಿಯೂ ಇವೇ ಎರಡು ಪ್ರಶ್ನೆಗಳು: ಯಾವ ವರ್ಗ, ಯಾವ ಜೋಡಿ? ಇಲ್ಲಿ ಜೋಡಿಯೆಂದರೆ ಎಂಜಿನ್ನು ಮತ್ತು ಅದಕ್ಕೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರು.

ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ, ಎಂದರೆ 402 ಮೀಟರು ಓಡುವುದು ಡ್ರ್ಯಾಗ್ ಪಂದ್ಯ. ಅಮೆರಿಕದಲ್ಲಿ 1951ರಲ್ಲಿ ಹುಟ್ಟಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಇದಕ್ಕೊಂದು ಕಟ್ಟಳೆ ತಂದಿತು. ಕಾರ್ಖಾನೆಯ ಕಾರುಗಳ ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ ವರ್ಗ ಗೊತ್ತುಮಾಡುವ ಕ್ರಮ ಬಂತು. ಜಾಣರು ಸುಮ್ಮನಿರುವರೆ? ಕಾಗದದ ಶಕ್ತಿಗೂ ನಿಜವಾದ ಶಕ್ತಿಗೂ ಅಂತರವಿರುವ ಎಂಜಿನ್ನನ್ನು ಹುಡುಕತೊಡಗಿದರು. 1968ರಲ್ಲಿ ಫೋರ್ಡ್ ಕಂಪನಿ ತನ್ನ 428 ಕೋಬ್ರಾ ಜೆಟ್ ಎಂಜಿನ್ನಿಗೆ 335 ಅಶ್ವಶಕ್ತಿಯೆಂದು ಬರೆಯಿತು. ಅದೇ ವರ್ಷ ಪೊಮೋನಾದಲ್ಲಿ ಆ ಎಂಜಿನ್ನಿನ ಮಸ್ಟಾಂಗ್ ಕಾರು ಸೂಪರ್ ಸ್ಟಾಕ್ ವಿಭಾಗವನ್ನು ಗೆದ್ದ ಮೇಲೆ ಆ ಅಂಕಿಯನ್ನು ನಂಬುವುದು ಕಷ್ಟವಾಯಿತು.

ನಮ್ಮಲ್ಲಿ ಲೆಕ್ಕವೆಲ್ಲ ಸಿ.ಸಿ.ಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ 250 ಹೊರಬಂದಾಗ ಪಂದ್ಯಪ್ರಿಯರಿಗೆ ನಾಡಿನದೇ ಎಂಜಿನ್ನು ದೊರೆತಂತಾಯಿತು. ಜೆಕ್ ದೇಶದ ವಿನ್ಯಾಸ, ಒಂದೇ ಸಿಲಿಂಡರು, ಎರಡು ಸ್ಟ್ರೋಕು. ಇದರಲ್ಲಿ ಗಾಳಿಯ ಕಿಂಡಿಯನ್ನು ತೆರೆದು ಮುಚ್ಚುವುದು ಪಿಸ್ಟನ್ನೇ. ಇದಕ್ಕೆ ದೊಡ್ಡ ಬಾಯಿಯ ಕಾರ್ಬ್ಯುರೇಟರು ಹಾಕಿದರೆ ವೇಗದಲ್ಲಿ ಶಕ್ತಿ ಹೆಚ್ಚುವುದು ನಿಜ. ಆದರೆ ಹೊರಡುವಾಗ ಅಗಲವಾದ ಕೊಳವೆಯಲ್ಲಿ ಗಾಳಿ ಮಂದವಾಗಿ ಹರಿದು ಪೆಟ್ರೋಲನ್ನು ಸರಿಯಾಗಿ ಸೆಳೆಯದು. ಒಳಹೋದ ಮಿಶ್ರಣವೂ ಸ್ವಲ್ಪ ಹಿಂದಕ್ಕೆ ಉಗುಳಲ್ಪಡುತ್ತದೆ. ಗಾಡಿ ಒಂದು ಕ್ಷಣ ತಡವರಿಸುತ್ತದೆ. 402 ಮೀಟರಿನ ಓಟದಲ್ಲಿ ಆ ಒಂದು ಕ್ಷಣವೇ ಸೋಲು. ಬಾಯಿ ಕಿರಿದಾದರೆ ಹೊರಡುವುದು ಚೊಕ್ಕಟ, ಕೊನೆಯಲ್ಲಿ ಉಸಿರುಗಟ್ಟುತ್ತದೆ. ಗಾಡಿಯ ಅಂದಕ್ಕಾಗಿ ದೊಡ್ಡದನ್ನೇ ಆರಿಸುವ ಹುಡುಗರು ಇಂದಿಗೂ ಕಡಿಮೆಯಿಲ್ಲ!

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಗಾಡಿಯದು ಬೇರೆ ಕಥೆ. ಅದು ಬರಿಯ 98 ಸಿ.ಸಿ.; ಆದರೂ 11 ಅಶ್ವಶಕ್ತಿ, ಮೈಯೂ ಹಗುರ. ಗಾಳಿಯ ದಾರಿಯಲ್ಲಿ ತೆಳುವಾದ ರೀಡ್ ಕವಾಟವಿದ್ದು ಮಿಶ್ರಣ ಹಿಂದಕ್ಕೆ ಬರದಂತೆ ತಡೆಯುತ್ತದೆ. ಆದುದರಿಂದ ತನ್ನ ಗಾತ್ರಕ್ಕೆ ತುಸು ದೊಡ್ಡದಾದ ಕಾರ್ಬ್ಯುರೇಟರನ್ನೂ ಅದು ತಾಳಿಕೊಳ್ಳುತ್ತದೆ.

ಇನ್ನು ವರ್ಗದ ತೊಡಕು. ಜಾವಾದ ಸಿಲಿಂಡರಿನ ಅಗಲ 65 ಮಿಲಿಮೀಟರು, ಪಿಸ್ಟನ್ನಿನ ಓಟ 75. ಗುಣಿಸಿ ನೋಡಿದರೆ 249 ಸಿ.ಸಿ.ಗೆ ಕೂದಲೆಳೆಯಷ್ಟು ಕಡಿಮೆ. ಸವೆದ ಸಿಲಿಂಡರನ್ನು ಕಾಲು ಮಿಲಿಮೀಟರು ಕೊರೆಸಿದರೂ ಸಾಕು, ಲೆಕ್ಕ 250 ದಾಟಿಬಿಡುತ್ತದೆ. ಸವೆತಕ್ಕೆಂದು ನಿಯಮದಲ್ಲಿ ರಿಯಾಯಿತಿ ಇಲ್ಲದಿದ್ದರೆ ಗಾಡಿ ಮೇಲಿನ ವರ್ಗಕ್ಕೆ ಹೋಗಬೇಕು. ಅಲ್ಲಿ 347 ಸಿ.ಸಿ.ಯ ರಾಜದೂತ್ 350 ಎರಡು ಸಿಲಿಂಡರು, ಎರಡು ಕಾರ್ಬ್ಯುರೇಟರು ಕಟ್ಟಿಕೊಂಡು ಕಾದಿರುತ್ತದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳೆಯ ಜಾವಾ ಇಟ್ಟುಕೊಂಡವರಲ್ಲಿ ಲೆಕ್ಕ ಬಲ್ಲವರು ಕೊರೆಸುವುದಿಲ್ಲ, ಹೊಸ ಸ್ಲೀವು ಹಾಕಿಸಿ 65ಕ್ಕೇ ತರುತ್ತಾರೆ.