ವಖಾರಿಯ ಬೀಗದ ಕೈ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಿಗೆ ಸಮುದ್ರವಿಲ್ಲ. ಆದರೂ ಈ ನಾಡಿನ ಏಳುಬೀಳುಗಳ ಕಥೆಯನ್ನು ಬಂದರುಗಳ ಹೆಸರೆತ್ತದೆ ಹೇಳಲಾಗದು. ಇಲ್ಲಿ ಬೆಳೆದದ್ದು ಇಲ್ಲಿಯೇ ಮುಗಿಯುತ್ತಿರಲಿಲ್ಲ. ಅದು ಘಟ್ಟವಿಳಿದು ಕಡಲತೀರಕ್ಕೆ ಹೋಗಬೇಕಿತ್ತು. ಹೋಗುವವರೆಗೆ ಎಲ್ಲಿಯಾದರೂ ತಂಗಬೇಕಿತ್ತು. ಹೀಗೆ ಸರಕು ತಂಗಿದ ಊರುಗಳು ಪೇಟೆಗಳಾದವು. ಸರಕನ್ನು ತಂಗಿಸಿಟ್ಟುಕೊಳ್ಳುವ ಶಕ್ತಿ ಯಾರಿಗಿತ್ತೋ ಅವರು ಬೆಲೆಯ ಒಡೆಯರಾದರು. ಈ ಸರಳ ಸತ್ಯವನ್ನು ನಮ್ಮ ಹಿರಿಯರು ಬಹಳ ಬೆಲೆ ತೆತ್ತು ಕಲಿತರು.

ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿ ರಾಜಧಾನಿಯಾದ ಬಿಜಾಪುರದಿಂದ ಗೋವೆಗೆ ಹೋಗುವ ಹಾದಿಯಲ್ಲಿ ಅಥಣಿ ಒಂದು ದೊಡ್ಡ ವ್ಯಾಪಾರದ ಊರಾಗಿತ್ತು. ಅಂದಿನ ಐರೋಪ್ಯ ಪ್ರವಾಸಕಥನಗಳಲ್ಲಿ ಅದರ ಹೆಸರು ಕಾಣುತ್ತದೆ. ಆದರೆ ಸಂಪತ್ತು ಕೂಡಿದ ಊರಿನ ಮೇಲೆ ಕತ್ತಿಯ ಕಣ್ಣೂ ಬೀಳುತ್ತದೆ. 1679ರಲ್ಲಿ ಮೊಗಲ್ ಸೇನಾಪತಿ ದಿಲೇರ್‌ಖಾನನ ಪಡೆ ಅಥಣಿಯನ್ನು ಸೂರೆ ಮಾಡಿತು. ಅರಮನೆಯ ಆಸೆಗಳಿಗಾಗಿ ನಡೆದ ಯುದ್ಧದಲ್ಲಿ ಅಂಗಡಿಕಾರನೂ ನೇಕಾರನೂ ಕೂಲಿಯವನೂ ಮನೆಮಠ ಕಳೆದುಕೊಂಡರು.

ಬ್ರಿಟಿಷರ ಕಾಲದಲ್ಲಿ ಹಾದಿಗಳು ಬದಲಾದವು. ಪುಣೆಯಿಂದ ಬೆಳಗಾವಿಯತ್ತ ಸಾಗುವ ಹೆದ್ದಾರಿ ನಿಪ್ಪಾಣಿಯ ಮೂಲಕ ಹಾದುಹೋಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮಿರಜದಿಂದ ಬೆಳಗಾವಿಯ ಕಡೆಗೆ ಹಳಿ ಹಾಕಿತು. ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗಗಳಿಗೆ ಉಗಿಬಂಡಿ ಬಂದಿತು. ಮುಂದೆ ಲೋಂಡಾದಿಂದ ಘಟ್ಟವಿಳಿದ ಹಳಿ ಗೋವೆಯ ಮುರಗಾಂವ್ ಬಂದರನ್ನು ಮುಟ್ಟಿತು. ಎತ್ತಿನ ಗಾಡಿಗಳು ಹಲವು ದಿನ ತೆಗೆದುಕೊಳ್ಳುತ್ತಿದ್ದ ದೂರ ಒಂದು ರಾತ್ರಿಯ ಪ್ರಯಾಣವಾಯಿತು. ರೈಲು ಎಲ್ಲ ಊರುಗಳಿಗೂ ಬರಲಿಲ್ಲ. ಚಿಕ್ಕೋಡಿ ರೋಡ್ ಎಂಬ ನಿಲ್ದಾಣವಿದೆ. ಚಿಕ್ಕೋಡಿ ಪಟ್ಟಣ ಅಲ್ಲಿಂದ ದೂರದಲ್ಲಿದೆ. ಅಥಣಿ ಪಟ್ಟಣಕ್ಕೂ ಹಳಿ ಬರಲಿಲ್ಲ. ಹಳಿಯ ಪಕ್ಕದ ಊರುಗಳು ಇದರ ಲಾಭ ಪಡೆದವು. 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಾಗ ಕೃಷ್ಣೆಯ ನೀರು, ರೈಲಿನ ಸೌಕರ್ಯ ಎರಡೂ ಅದರ ಬದಿಯಲ್ಲೇ ಇದ್ದವು.

ನಿಪ್ಪಾಣಿಗೆ ರೈಲು ಬರಲಿಲ್ಲ, ಆದರೆ ತಂಬಾಕು ಬಂದಿತು. ಸುತ್ತಲಿನ ಭೂಮಿ ಬೀಡಿ ತಂಬಾಕಿಗೆ ಹೇಳಿ ಮಾಡಿಸಿದಂತಿತ್ತು. ಗುಜರಾತಿನ ಚರೋತರವನ್ನು ಬಿಟ್ಟರೆ ಬೀಡಿ ತಂಬಾಕಿಗೆ ನಿಪ್ಪಾಣಿ ಸೀಮೆಯೇ ದೇಶದಲ್ಲಿ ಹೆಸರುವಾಸಿಯಾಯಿತು. ಮಳೆಗಾಲದಲ್ಲಿ ಸಸಿ ನೆಟ್ಟು, ಕುಡಿ ಚಿವುಟಿ, ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ದು, ಹೊಲದಲ್ಲಿಯೇ ಬಿಸಿಲಿಗೆ ಒಣಗಿಸುವ ಬೆಳೆ ಇದು. ಒಣಗಿದ ಎಲೆ ಊರೊಳಗಿನ ವಖಾರಿಗಳಿಗೆ ಬರುತ್ತಿತ್ತು. ದಪ್ಪ ಗೋಡೆಯ ಆ ವಖಾರಿಗಳೇ ನಿಪ್ಪಾಣಿಯ ನಿಜವಾದ ಕೋಟೆಗಳಾದವು. ಪೇಟೆಯ ನಿವೇಶನಗಳಿಗೆ ಬೆಲೆ ಬಂದದ್ದು, ಹಮಾಲರಿಗೆ ಕೆಲಸ ಸಿಕ್ಕಿದ್ದು, ಲಾರಿಗಳ ಸಾಲು ನಿಂತದ್ದು ಎಲ್ಲವೂ ಅವುಗಳಿಂದಲೇ. ಊರಿನ ಸಿರಿಯಲ್ಲಿ ವ್ಯಾಪಾರಿಗಳ ಉದ್ಯಮಶೀಲತೆಯ ಪಾಲನ್ನು ಮರೆಯಬಾರದು.

ಆದರೆ ವಖಾರಿಯ ಬೀಗದ ಕೈ ರೈತನ ಬಳಿ ಇರಲಿಲ್ಲ. 1943ರಲ್ಲಿ ಕೇಂದ್ರ ಸರ್ಕಾರ ತಂಬಾಕಿನ ಮೇಲೆ ಅಬಕಾರಿ ಸುಂಕ ವಿಧಿಸಿತು. ಅಂದಿನಿಂದ ಎಲೆಯ ಲೆಕ್ಕವೆಲ್ಲ ಅಧಿಕಾರಿಗಳ ಪುಸ್ತಕದಲ್ಲಿ ಸೇರಬೇಕಾಯಿತು. ಸುಂಕ ಕಟ್ಟುವವರೆಗೆ ಸರಕನ್ನು ಪರವಾನಗಿ ಪಡೆದ ವಖಾರಿಯಲ್ಲಿ ಇಡಬೇಕಿತ್ತು. ಪರವಾನಗಿಯೂ ವಖಾರಿಯೂ ವ್ಯಾಪಾರಿಯದು, ಬೆಳೆಯಷ್ಟೇ ರೈತನದು. ತನ್ನ ಬೆಳೆಯನ್ನು ತಾನೇ ಕೂಡಿಟ್ಟು ಒಳ್ಳೆಯ ಬೆಲೆಗೆ ಕಾಯುವುದು ಸಣ್ಣ ಹಿಡುವಳಿದಾರನಿಗೆ ಅಸಾಧ್ಯವಾಯಿತು. ಎಲೆಯ ತೇವದ ನೆಪದಲ್ಲಿ, ಧೂಳಿನ ನೆಪದಲ್ಲಿ ತೂಕದಲ್ಲಿ ಕಡಿತ. ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವಿಕೆ. ಅಷ್ಟರಲ್ಲಿ ಮುಂದಿನ ಬಿತ್ತನೆಗೆ ಮತ್ತೆ ಸಾಲ. 1979ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ತಂಬಾಕಿನ ಮೇಲಿನ ಸುಂಕ ರದ್ದಾಯಿತು. ಕಾನೂನಿನ ಕಟ್ಟು ಬಿಚ್ಚಿದರೂ ಪೇಟೆಯ ಹಳೆಯ ಪದ್ಧತಿ ಬಿಚ್ಚಲಿಲ್ಲ.

ಈ ಅಸಮಾಧಾನವೇ 1981ರಲ್ಲಿ ಹೆದ್ದಾರಿಗೆ ಬಂದಿತು. ಹಿಂದಿನ ವರ್ಷ ನರಗುಂದ, ನವಲಗುಂದಗಳಲ್ಲಿ ರೈತರ ಕೂಗು ಎದ್ದಿತ್ತು. ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರು ಈರುಳ್ಳಿ ಬೆಳೆಗಾರರನ್ನು ಸಂಘಟಿಸಿದ್ದರು. ಆ ವರ್ಷದ ಮಾರ್ಚ್ 14ರಂದು ಅವರ ನೇತೃತ್ವದಲ್ಲಿ ನಿಪ್ಪಾಣಿಯ ಸುತ್ತಲಿನ ಸಾವಿರಾರು ತಂಬಾಕು ಬೆಳೆಗಾರರು ನ್ಯಾಯಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಕನ್ನಡ ಮಾತಾಡುವವರೂ ಮರಾಠಿ ಮಾತಾಡುವವರೂ ಒಂದೇ ಸಾಲಿನಲ್ಲಿ ಕುಳಿತರು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಗಡಿಯ ಜಗಳವನ್ನೇ ಹೆಚ್ಚಾಗಿ ಕಂಡಿದ್ದ ನೆಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಮೂರು ವಾರಗಳಿಗೂ ಹೆಚ್ಚು ಕಾಲ ಸಂಸಾರ ಸಮೇತರಾಗಿ ಅವರು ರಸ್ತೆಯಲ್ಲಿಯೇ ಉಂಡರು, ಮಲಗಿದರು. ಏಪ್ರಿಲ್ 6ರಂದು ಪೊಲೀಸರು ಅವರನ್ನು ಚದುರಿಸಲು ಬಂದರು. ಗೋಲಿಬಾರಿನಲ್ಲಿ 12 ಮಂದಿ ರೈತರು ಪ್ರಾಣ ಕಳೆದುಕೊಂಡರು. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಆರ್. ಗುಂಡೂರಾವ್.

ರೈತನಿಗಿಂತಲೂ ಕೆಳಗಿನ ಮೆಟ್ಟಿಲಲ್ಲಿ ಇನ್ನೊಬ್ಬರಿದ್ದರು. ವಖಾರಿಗಳ ಒಳಗೆ, ಗಾಳಿ ಬೆಳಕು ಸಾಲದ ಕೋಣೆಗಳಲ್ಲಿ ತಂಬಾಕನ್ನು ಕುಟ್ಟಿ, ಜರಡಿ ಹಿಡಿದು, ಧೂಳನ್ನೇ ಉಸಿರಾಡುತ್ತಿದ್ದವರು ಸಾವಿರಾರು ಹೆಂಗಸರು. ಪ್ರಾಧ್ಯಾಪಕ ಸುಭಾಷ್ ಜೋಶಿ ಮೊದಲಾದವರ ನೆರವಿನಿಂದ ಅವರು ಸಂಘ ಕಟ್ಟಿ ಕೂಲಿಗಾಗಿ, ಮಾನವಾಗಿ ನಡೆಸಿಕೊಳ್ಳುವುದಕ್ಕಾಗಿ ಹೋರಾಡಿದರು. ಯುಗಾಂತರ್ ಎಂಬ ಮಹಿಳಾ ಚಿತ್ರತಂಡ ದೀಪಾ ಧನರಾಜ್ ಅವರ ನಿರ್ದೇಶನದಲ್ಲಿ 1982ರಲ್ಲಿ ಅವರ ಹೋರಾಟವನ್ನು ಸಾಕ್ಷ್ಯಚಿತ್ರವಾಗಿಸಿತು. ಹೆದ್ದಾರಿಯಲ್ಲಿ ಬಿದ್ದ ಹೆಣಗಳನ್ನು ದೇಶ ನೋಡಿತು. ಧೂಳಿನಲ್ಲಿ ದಿನದಿನವೂ ಕ್ಷೀಣಿಸಿದ ಎದೆಗಳನ್ನು ನೋಡಿದವರು ಕಡಿಮೆ.

ಬಳಿಕ ಕಾಲ ಮತ್ತೆ ಹೊರಳಿತು. ದೂಧಗಂಗಾ, ವೇದಗಂಗಾ, ಕೃಷ್ಣೆಯರ ನೀರು ಹರಿದಲ್ಲೆಲ್ಲ ತಂಬಾಕಿನ ಜಾಗದಲ್ಲಿ ಕಬ್ಬು ನಿಂತಿತು. 2003ರ ತಂಬಾಕು ನಿಯಂತ್ರಣ ಕಾಯಿದೆ ಬಂದಿತು. ಹೆದ್ದಾರಿ ನಾಲ್ಕು ಪಥವಾಯಿತು. 4 ಎಂಬ ಅದರ ಹಳೆಯ ಸಂಖ್ಯೆ 48 ಆಯಿತು. 1989ರಲ್ಲಿ ಆರಂಭವಾದ ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿಗೆ ಈ ದಾರಿಯಲ್ಲೇ ಕಂಟೇನರ್ ಲಾರಿಗಳು ಓಡುತ್ತವೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಗಡಿಯ ಮಾರಾಟ ತೆರಿಗೆ ತಪಾಸಣೆಗಾಗಿ ಲಾರಿಗಳು ಸಾಲುಗಟ್ಟಿ ನಿಲ್ಲುವುದು ತಪ್ಪಿತು. ನಿಪ್ಪಾಣಿ, ಕಾಗವಾಡಗಳು ಹೊಸ ತಾಲೂಕುಗಳಾದವು. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶವಾಯಿತು. ಹೆದ್ದಾರಿಯ ಬದಿಯ ಹೊಲಕ್ಕೆ ಈಗ ಎರಡು ಬೆಲೆಗಳು: ಬೆಳೆಯಿಂದ ಬರುವ ಬೆಲೆ, ನಿವೇಶನವಾದರೆ ಬರುವ ಬೆಲೆ. ಎರಡನೆಯದು ಒಮ್ಮೆ ಮಾತ್ರ ಕೈಗೆ ಬರುತ್ತದೆ.

ಅಭಿವೃದ್ಧಿ ಬೇಡವೆಂದು ಹೇಳುವುದು ಜಾಣತನವಲ್ಲ. ಹಾದಿ ಬಂದರೆ ಊರು ಬೆಳೆಯುತ್ತದೆ. ಅಥಣಿ, ನಿಪ್ಪಾಣಿಗಳ ಚಮ್ಮಾರರು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಅದನ್ನೇ ಹೋಲುವ ಚಪ್ಪಲಿಯನ್ನು ಮಿಲಾನ್‌ನಲ್ಲಿ ಪ್ರದರ್ಶಿಸಿ, ಆಕ್ಷೇಪ ಬಂದ ಮೇಲೆ ಭಾರತೀಯ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ನಮ್ಮ ಸರಕಿಗೆ ಜಗತ್ತಿನಲ್ಲಿ ಬೆಲೆಯಿದೆ. ಆ ಬೆಲೆ ಯಾರ ಮನೆಯವರೆಗೆ ತಲುಪುತ್ತದೆ ಎಂಬುದೇ ಪ್ರಶ್ನೆ.

ಹಿಂದೆ ಉತ್ತರ ಕರ್ನಾಟಕದ ಒಕ್ಕಲಿಗನ ಅಂಗಳದಲ್ಲಿ ಜೋಳ ತುಂಬುವ ಹಗೇವು ಇರುತ್ತಿತ್ತು. ಬೆಲೆ ಬಿದ್ದ ವರ್ಷ ಅದರ ಬಾಯಿ ಮುಚ್ಚಿಟ್ಟು ಕಾಯುವ ಸ್ವಾತಂತ್ರ್ಯ ಆ ಮನೆಯದಾಗಿತ್ತು. 2007ರ ಉಗ್ರಾಣ ಕಾಯಿದೆಯ ಪ್ರಕಾರ ನೋಂದಾಯಿತ ಉಗ್ರಾಣದಲ್ಲಿ ಬೆಳೆಯಿಟ್ಟು, ಅದರ ರಸೀದಿಯ ಮೇಲೆ ಸಾಲ ಪಡೆದು, ಬೆಲೆಗಾಗಿ ಕಾಯುವ ಅವಕಾಶ ಇಂದಿನ ರೈತನಿಗೂ ಇದೆ. ಇದನ್ನು ನಮ್ಮ ಹಳ್ಳಿಗಳ ಸಹಕಾರಿ ಸಂಘಗಳೂ ಸ್ವಸಹಾಯ ಗುಂಪುಗಳೂ ಅರಿತುಕೊಂಡು ಬಳಸಬೇಕು. ಹೆದ್ದಾರಿಯ ಬದಿಯ ಹೊಲವನ್ನು ಮಾರುವ ಮುನ್ನ ಮನೆಮಂದಿಯೆಲ್ಲ ಕುಳಿತು, ಹೆಣ್ಣುಮಕ್ಕಳ ಮಾತನ್ನೂ ಕೇಳಿ, ನಿರ್ಧರಿಸಬೇಕು. ಹೊಸ ಗೋದಾಮುಗಳಲ್ಲಿ ಹೊರೆ ಹೊರುವವರಿಗೆ ನ್ಯಾಯವಾದ ಕೂಲಿ, ಉಸಿರಾಡಲು ಶುದ್ಧ ಗಾಳಿ ಇದೆಯೇ ಎಂದು ಕೇಳಬೇಕು. 1981ರಲ್ಲಿ ಹೆದ್ದಾರಿಯ ಮೇಲೆ ಪ್ರಾಣ ತೆತ್ತವರು ಕೇಳಿದ್ದು ದಾನವನ್ನಲ್ಲ, ತಮ್ಮ ದುಡಿಮೆಯ ಬೆಲೆಯನ್ನು. ಅದೇ ಹೆದ್ದಾರಿಯಲ್ಲಿ ಇಂದು ವೇಗವಾಗಿ ಸಾಗುವ ನಾವು ಆ ಲೆಕ್ಕವನ್ನು ಮರೆಯದಿರೋಣ.