ನಂದಿದುರ್ಗ: ರಣರಂಗದಿಂದ ವಿಶ್ರಾಂತಿಧಾಮಕ್ಕೆ

ಚಿಕ್ಕಬಳ್ಳಾಪುರದ ನೈಋತ್ಯಕ್ಕಿರುವ ನಂದಿಬೆಟ್ಟವನ್ನು ಇಂದು ಸೂರ್ಯೋದಯದ ತಾಣವೆಂದು ಬಲ್ಲವರೇ ಹೆಚ್ಚು. ಸುಮಾರು 1478 ಮೀಟರ್ ಎತ್ತರದ ಈ ಬೆಟ್ಟದ ಹಳೆಯ ಹೆಸರು ನಂದಿದುರ್ಗ. ದುರ್ಗವೆಂದರೆ ಸುಲಭವಾಗಿ ತಲುಪಲಾಗದ ಸ್ಥಳ. ಈಗ ವಾಹನಗಳು ಸಾಲುಗಟ್ಟಿ ಏರುವ ಬೆಟ್ಟಕ್ಕೆ ಆ ಹೆಸರು ಏಕೆ ಬಂದಿತೆಂಬುದನ್ನು ಅದರ ಇತಿಹಾಸವೇ ಹೇಳುತ್ತದೆ.

ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದ ಕೋಟೆಯನ್ನು ಹೈದರಾಲಿ ಮತ್ತು ಟಿಪ್ಪು ಸುಲ್ತಾನರು ಬಲಪಡಿಸಿದರು. ಮೂರು ಕಡೆ ಕಡಿದಾದ ಬಂಡೆ. ಏರಲು ಸಾಧ್ಯವಿದ್ದ ಪಶ್ಚಿಮ ದಿಕ್ಕಿನಲ್ಲಿ ಎರಡು ಸುತ್ತಿನ ಗೋಡೆ. ಶಿಖರದ ಮೇಲೆ ಬತ್ತದ ನೀರು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ ಇದಕ್ಕೆ ಮುತ್ತಿಗೆ ಹಾಕಿತು. ಫಿರಂಗಿಗಳನ್ನು ಇಳಿಜಾರಿನಲ್ಲಿ ಎಳೆದೊಯ್ದು, ಗೋಡೆಯಲ್ಲಿ ಬಿರುಕು ಮಾಡಲು ಸುಮಾರು ಮೂರು ವಾರಗಳು ಹಿಡಿದವು. 1791ರ ಅಕ್ಟೋಬರ್ 19ರಂದು, ಬೆಳಗಾಗುವ ಮುನ್ನವೇ, ದುರ್ಗ ಬ್ರಿಟಿಷರ ವಶವಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಕೋಟೆ ಉಳಿಯಿತು, ಅದು ತಡೆಯಬೇಕಾದ ಶತ್ರು ಉಳಿಯಲಿಲ್ಲ. ಆದರೆ ಅದನ್ನು ಅಭೇದ್ಯವಾಗಿಸಿದ್ದ ಗುಣಗಳೇ ಅದಕ್ಕೆ ಮರುಹುಟ್ಟು ಕೊಟ್ಟವೆಂಬುದು ಗಮನಾರ್ಹ. ಎತ್ತರವು ತಂಪಾಯಿತು, ಕಾವಲುಪಡೆಯ ನೀರು ಉದ್ಯಾನದ ನೀರಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಯ ವಾಸಕ್ಕೆ ಇಲ್ಲಿ ಬಂಗಲೆ ಕಟ್ಟಿಸಿದನು. ಫಿರಂಗಿ ಏರಿದ್ದ ಬೆಟ್ಟವನ್ನು ಅಧಿಕಾರಿಗಳ ಪಲ್ಲಕ್ಕಿಗಳು ಏರತೊಡಗಿದವು.

ಮುಂದಿನ ಶತಮಾನದಲ್ಲಿ ಈ ತಂಪು ಇನ್ನೊಂದು ಬಗೆಯ ಅತಿಥಿಯನ್ನು ಬರಮಾಡಿಕೊಂಡಿತು. 1927ರ ಬೇಸಿಗೆಯಲ್ಲಿ, ಅಸ್ವಸ್ಥರಾಗಿದ್ದ ಗಾಂಧೀಜಿ ಒಂದು ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ಚೇತರಿಸಿಕೊಂಡರು. 1936ರಲ್ಲಿ ಮತ್ತೆ ಬಂದರು. ಬ್ರಿಟಿಷರು ರಕ್ತ ಸುರಿಸಿ ಗೆದ್ದ ದುರ್ಗವೇ ಅವರ ಆಳ್ವಿಕೆಯನ್ನು ಅಹಿಂಸೆಯಿಂದ ಎದುರಿಸಿದವರಿಗೆ ಆರೋಗ್ಯಧಾಮವಾಯಿತು. 1986ರ ನವೆಂಬರ್‌ನಲ್ಲಿ ಬೆಂಗಳೂರಿನ ಸಾರ್ಕ್ ಶೃಂಗಸಭೆಗೆ ಬಂದ ನೆರೆದೇಶಗಳ ನಾಯಕರೂ ಇಲ್ಲಿ ಸೇರಿದರು.

ಹೀಗೆ ಕಲ್ಲು ಬದಲಾಗದಿದ್ದರೂ ಅದರ ಅರ್ಥ ಬದಲಾಗುತ್ತ ಬಂದಿದೆ. ಇದು ಕೇವಲ ನಷ್ಟವಲ್ಲ: ಒಂದು ಕಾಲಕ್ಕೆ ಸೈನಿಕನಿಗೆ, ಬಳಿಕ ಅಧಿಕಾರಿಗೆ ಮೀಸಲಾಗಿದ್ದ ಎತ್ತರ ಇಂದು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೂ ಚಿಂತಾಮಣಿಯ ವಿದ್ಯಾರ್ಥಿನಿಗೂ ತೆರೆದಿದೆ. ಆದರೆ ಪ್ರವಾಸಿಗರಿಗೆ ಮೊದಲು ಕೇಳಿಸುವುದು ಪ್ರಪಾತದಿಂದ ಕೈದಿಗಳನ್ನು ನೂಕುತ್ತಿದ್ದರೆಂಬ ಕತೆ. ಗೋಡೆಯ ಬಿರುಕಿನಲ್ಲಿ ಮಡಿದ ಎರಡೂ ಕಡೆಯ ಸೈನಿಕರ ವೃತ್ತಾಂತವಲ್ಲ. ದುರ್ಗವನ್ನು ನೋಡುವುದು ಸುಲಭವಾಗಿದೆ. ಅದನ್ನು ಓದುವ ಅಭ್ಯಾಸವನ್ನು ನಾವಿನ್ನೂ ಬೆಳೆಸಿಕೊಳ್ಳಬೇಕಾಗಿದೆ.